ಗಾಳಿಗಿಂತ ತಣ್ಣಗಿದ್ದ ಮನುಷ್ಯ

ಕೊರೊನಾ ಕಳೆದು ಶಾಲೆಗಳು ಪೂರ್ತಿ ತೆರೆದ ವರ್ಷ. ತಲ್ಲೂರು ಕಡೆಯ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ವಿಜ್ಞಾನದ ಟೀಚರ್. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಉಷ್ಣದ ಪಾಠಕ್ಕೆಂದು ಏಳನೆಯ ತರಗತಿಯ ಮಕ್ಕಳನ್ನು ಹತ್ತಿರದ ಬಂದರಿನ ಐಸ್ ಪ್ಲಾಂಟಿಗೆ ಕರೆದೊಯ್ದಿದ್ದೆ. ಮಾರ್ಚ್ ತಿಂಗಳು, ಬೆಳಿಗ್ಗೆ ಹನ್ನೊಂದು ಗಂಟೆ. ಇಷ್ಟು ಖಚಿತ. ಮುಂದಿನದನ್ನು ಎಷ್ಟೋ ಸಲ ಹೇಳಿದ್ದೇನೆ, ಹೇಳಿದಷ್ಟೂ ನುಣುಪಾಗಿದೆ. ಆ ನುಣುಪಿನ ಮೇಲೆಯೇ ನನಗೆ ಅನುಮಾನ.

ನಮ್ಮ ಬಳಿ ಲ್ಯಾಬಿನ ಥರ್ಮಾಮೀಟರ್ ಇತ್ತು: ಮೈನಸ್ ಹತ್ತರಿಂದ ನೂರ ಹತ್ತು ಡಿಗ್ರಿವರೆಗೆ ತೋರಿಸುವ ಉದ್ದನೆಯ ಗಾಜಿನ ಕಡ್ಡಿ. ನೆರಳಿನ ಗಾಳಿ 33, ಐಸ್ ಪುಡಿ ಸೊನ್ನೆ ಎಂದು ಸುಮನಾ ಎಂಬ ಹುಡುಗಿ ಬರೆದುಕೊಂಡಳು. ಅಷ್ಟರಲ್ಲಿ ಬೋಟು ನಿಲ್ಲುವ ದಕ್ಕೆಯಿಂದ ಕೂಗು ಕೇಳಿತು.

ಬೋಟಿನ ತಳದಲ್ಲಿ, ಮೀನು ತುಂಬಿಡುವ ಐಸಿನ ಗೂಡಿನಲ್ಲಿ, ರಾಘು ಎಂಬ ಕೆಲಸಗಾರ ಬಿದ್ದಿದ್ದ. ಯಾವಾಗ ಬಿದ್ದನೋ ಯಾರೂ ಕಂಡಿರಲಿಲ್ಲ. ಎತ್ತಿ ತಂದು ಮಲಗಿಸಿದರು. ತುಟಿ ನೀಲಿ, ಮಡಚಿದ ಕೈ ಬಿಡಿಸಲು ಬರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದ್ದರು. ಆಶಾ ಕಾರ್ಯಕರ್ತೆ ಗಿರಿಜಕ್ಕ ನಾಡಿ ಹುಡುಕಿದರು, ಸಿಗಲಿಲ್ಲ. ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟರು. ಅಂಕಿಯ ಬದಲು ‘ಲೋ’ ಎಂದು ಬಂತು.

“ಮೈಯಾಗೆ ಬಿಸಿಯೇ ಇಲ್ಲೆ,” ಎಂದರು ಗಿರಿಜಕ್ಕ.

ಬಂದರಿನ ಕೈಗಳಿಗೆ ಒಂದು ರೂಢಿಯಿದೆ. ಬೋಟಿನಿಂದ ಜೀವವಿಲ್ಲದ್ದು ಏನು ಹೊರಬಂದರೂ ಅದರ ಮೇಲೆ ಐಸ್ ಬೀಳುತ್ತದೆ. ರಾಘುವಿನ ಅಣ್ಣ ಕೊಲ್ಲೂರಿನ ಲಾಡ್ಜೊಂದರಲ್ಲಿ ಕೆಲಸಕ್ಕಿದ್ದ; ಅವನು ಬರುವವರೆಗೆ ಹೆಣ ಕೆಡಬಾರದು. “ಅಣ್ಣ ಬಪ್ಪೋತಂಕ ಇಡ್ಕಲೆ. ಐಸ್ ಹಾಕಿ,” ಎಂದರು ಯಾರೋ. ಬೋಟಿನ ಯಜಮಾನ ಎಂದು ನನ್ನ ನೆನಪು. ಮೊದಲ ಸಲಿಕೆ ಐಸ್ ಕಾಲ ಮೇಲೆ ಬಿತ್ತು.

“ನಿಲ್ಸಿ! ಆ ಮಿಷನ್ನು 32ಕ್ಕಿಂತ ಕೆಳ್ಗೆ ತೋರ್ಸುದಿಲ್ಲೆ. ಬಿಸಿ ಇಲ್ಲೆ ಅಂದೇಳಿ ಅಲ್ಲ,” ಎಂದೆ. ನಮ್ಮ ಗಾಜಿನ ಕಡ್ಡಿಯನ್ನು ಅವನ ಕಂಕುಳಿಗಿಟ್ಟೆ.

“ಹ್ವಾಯ್ ಟೀಚರೇ, ಇವ್ನಿಗೂ ಪರೀಕ್ಷೆಯಾ?” ಎಂದ ಯಜಮಾನ.

ಸುಮನಾ ಬಗ್ಗಿ ಓದಿದಳು: 27. ನಂಬಿಕೆ ಬಾರದೆ ನಾನು ಕಡ್ಡಿಯನ್ನು ಹೊರಗೆಳೆದು ನೋಡಿದೆ. ಕೆಂಪು ಗೆರೆ ಏರತೊಡಗಿತು. 28, 29, 31.

“ಏರ್ತಾ ಇತ್ತ್! ಜೀವ ಬತ್ತಾ ಇತ್ತ್!” ಎಂದು ಕೂಗು ಎದ್ದಿತು.

ಅದು ಜೀವವಲ್ಲ. ಉಷ್ಣ ಹೆಚ್ಚು ಬಿಸಿಯಿರುವಲ್ಲಿಂದ ಕಡಿಮೆ ಬಿಸಿಯಿರುವಲ್ಲಿಗೆ ಹರಿಯುತ್ತದೆ. ಕಡ್ಡಿಗೆ ಉಷ್ಣ ಕೊಡುತ್ತಿದ್ದದ್ದು ಗಾಳಿ. ಮನುಷ್ಯ ಗಾಳಿಗಿಂತ ತಣ್ಣಗಿದ್ದ. ಮೂವತ್ತು ವರ್ಷ ನಾನೇ ಕಲಿಸಿದ ಪಾಠ ಅದು. ಕಡ್ಡಿಯನ್ನು ಮತ್ತೆ ಒಳಗಿಟ್ಟೆ.

ಆಗ ಸುಮನಾ ಪಿಸುಗುಟ್ಟಿದಳು, “ಟೀಚರೇ, ಕಡ್ಡಿ ಅಲ್ಲಾಡ್ತಾ ಇತ್ತ್.”

“ಕೈ ನಡುಗ್ಸಬೇಡ.”

“ನಾನ್ ಹಿಡ್ಕಂಡೇ ಇಲ್ಲೆ.”

ಕಡ್ಡಿಯ ಹೊರತುದಿ ಕೂದಲೆಳೆಯಷ್ಟು ಎದ್ದಿತು. ಬಹಳ ಹೊತ್ತು ಹಾಗೇ ನಿಂತಿತು. ಇಳಿಯಿತು. ಮತ್ತೆ ಯಾವಾಗ ಏಳುತ್ತದೆಂದು ಇಡೀ ದಕ್ಕೆ ಉಸಿರು ಹಿಡಿದು ಕಾಯಿತು. ಎದ್ದಿತು.

ಉಸಿರಿತ್ತು. ಐಸ್ ಬಳಿದು ತೆಗೆದರು. ಒದ್ದೆ ಬಟ್ಟೆ ಬಿಚ್ಚಿ, ಒಣ ಲುಂಗಿ, ಗೋಣಿ ಸುತ್ತಿದೆವು. ಬಿಸಿನೀರು ಸುರಿಯಲು ಬಂದವರನ್ನು ಗಿರಿಜಕ್ಕ ತಡೆದರು. ಆಂಬುಲೆನ್ಸ್ ಬಂತು. ರಾಘು ಬದುಕಿದ.

ಮಳೆಗಾಲ ಕಳೆದ ಮೇಲೆ ಅವನು ಬಂಗುಡೆಯ ಚೀಲ ಹಿಡಿದು ಶಾಲೆಗೆ ಬಂದ. ಕಣ್ಣು ಬಿಡಲಾಗದಿದ್ದರೂ ಆವತ್ತು ಎಲ್ಲ ಕೇಳಿಸುತ್ತಿತ್ತಂತೆ.

“ಹಾಂಗಾರೆ ಯಜಮಾನ ಐಸ್ ಹಾಕಿ ಅಂದದ್ದೂ ಕೇಂಡಿತಾ?” ಎಂದೆ ನಗುತ್ತ.

ಅವನು ನನ್ನನ್ನೇ ನೋಡಿದ. “ಅದ್ ಹೆಂಗ್ಸಿನ್ ಸ್ವರ. ನಿಮ್ದೇ ಅಲ್ದಾ, ಟೀಚರೇ?”

ಐಸ್ ಹಾಕಿ ಎಂದದ್ದು ಯಾರೆಂದು, ಆಗ ಎಂಟನೆಯ ತರಗತಿಯಲ್ಲಿದ್ದ ಸುಮನಾಳನ್ನು ಕೇಳಿದೆ. “ನಂಗ್ ನೆನ್ಪಿಲ್ಲೆ,” ಎಂದು ತಲೆ ತಗ್ಗಿಸಿದಳು. ಅವಳಿಗೆ ನೆನಪಿನ ಶಕ್ತಿ ಚೆನ್ನಾಗಿತ್ತು.

ಲ್ಯಾಬಿನ ಥರ್ಮಾಮೀಟರನ್ನು ಒಳಗಿರುವಾಗಲೇ ಓದಬೇಕು, ಹೊರಗೆಳೆದರೆ ಅದು ಸುತ್ತಲಿನ ಗಾಳಿಯನ್ನೇ ತೋರಿಸುತ್ತದೆ ಎಂದು ಪ್ರತಿ ವರ್ಷ ಮಕ್ಕಳಿಗೆ ಬರೆಸಿದ್ದೆ. ಆವತ್ತಿನ ಬೆಳಿಗ್ಗೆಯನ್ನು ಮಾತ್ರ ನಾನು ಹೊರಗೆಳೆದೇ ಓದುತ್ತ ಬಂದಿದ್ದೇನೆ.