ಬಾಟಲಿಯಲ್ಲಿ ಉಳಿದ ಮಂದಿ

ನನ್ನ ನೆಗೆಣ್ಣಿ ಚಂದಮ್ಮನ ಬಾಯಿಗೆ ಹೆದರದವರು ಪುಣೆಯಲ್ಲಿ ಇನ್ನೂ ಹುಟ್ಟಿಲ್ಲ. ಅವಳ ಗಂಡ, ಅಂದರೆ ನಮ್ಮ ಭಾವ ಶಂಕ್ರೆಪ್ಪ, ಹೆಸರಿಗಷ್ಟೇ ಮುಕಾದಮ, ಅಂದರೆ ಕಟ್ಟಡ ಕೂಲಿಗಳ ಮೇಸ್ತ್ರಿ; ನಮ್ಮ ಯಾದಗಿರಿ ಕಡೆಯ ಗ್ಯಾಂಗನ್ನು ನಡೆಸುತ್ತಿದ್ದವಳು ಇವಳೇ. ಕೊಂಢವಾದ ಸೈಟಿನಲ್ಲಿ ಸ್ಲ್ಯಾಬ್ ಹಾಕಿ ಸಂಜೆ ಯೆರವಡಾದ ಮನೆಗಳಿಗೆ ಹೊರಟರೆ, ಟೆಂಪೋ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಕೂಗುತ್ತಿದ್ದಳು. ಎಲ್ಲರೂ ಹತ್ತದೆ ಗಾಡಿ ಅಲುಗಾಡುವಂತಿರಲಿಲ್ಲ. ಒಮ್ಮೆ ಗ್ಯಾಂಗಿನ ಅಂಬಣ್ಣ ಮರಳಿನ ಗುಡ್ಡೆಯ ಹಿಂದೆ ನಿದ್ದೆ ಹೋಗಿದ್ದ. ಅವನು ಸಿಗುವವರೆಗೆ ನಾವೆಲ್ಲ ಹಸಿದು ಕುಳಿತೆವು. ನನಗೆ ಇನ್ನೂ ಸಿಟ್ಟಿದೆ.

೨೦೦೪ರಲ್ಲಿ ಈ ಗಟ್ಟಿಗಿತ್ತಿಯ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಆಪರೇಷನ್ ಮಾಡಿ ತೆಗೆದರು. ಕೆಲವು ದಿನಗಳ ನಂತರ ಲೇಡಿ ಡಾಕ್ಟರ್ ನಗುತ್ತ ಬಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು: "ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ರೋಗದ ಜೊತೆ ಹೊಡೆದಾಡುವ ಬಿಳಿ ಕಣಗಳು, ನಿಮ್ಮ ಮೈಯ ಸಿಪಾಯಿಗಳು, ಅದರ ಸುತ್ತ ಕಿಕ್ಕಿರಿದಿದ್ದವು. ಹಾಗಿದ್ದವರು ಹೆಚ್ಚಾಗಿ ಚೆನ್ನಾಗಿ ಬದುಕುತ್ತಾರೆ. ಖಾತ್ರಿ ಕೊಡಲಾರೆ, ಆದರೆ ಒಳ್ಳೆಯ ಲಕ್ಷಣ."

ನಾನು ಕೈಮುಗಿದೆ. ಚಂದಮ್ಮನ ಮುಖ ಕಪ್ಪಿಟ್ಟಿತು.

"ಆ ಗಡ್ಡಿ ಈಗ ಎಲ್ಲದರಿ?"

"ಲ್ಯಾಬಿನಲ್ಲಿ, ಬಾಟಲಿಯಲ್ಲಿ."

"ಅಂದ್ರ ನನ್ನ ಸಲುವಾಗಿ ಹೊಡದಾಡಿದ ಮಂದೀನ ಅಲ್ಲೇ ಬಿಟ್ಟು ಬಂದ್ರಿ? ಈಗ ಒಳಗ ಯಾರದಾರ?"

ಇನ್ನು ಕೊಡಬೇಕಾದ ಕಿಮೋ ಔಷಧ ಸಿಪಾಯಿಗಳಿಗೂ ಸ್ವಲ್ಪ ಪೆಟ್ಟು ಕೊಡುತ್ತದೆ ಎಂದು ಡಾಕ್ಟರ್ ಹೇಳಿದ್ದೇ ತಪ್ಪಾಯಿತು. ಉಳಿದ ನಾಲ್ಕು ಮಂದಿಯನ್ನೂ ಕೊಲ್ಲಗೊಡುವುದಿಲ್ಲ, ಕಿಮೋ ಬೇಡವೇ ಬೇಡ ಎಂದು ಹಟ ಹಿಡಿದಳು. ಭಾವ ಅತ್ತರು. ನಾನು ಬಾಯಿಗೆ ಬಂದಂತೆ ಬೈದೆ. ಈ ಹುಚ್ಚುತನಕ್ಕೆ ಇವಳು ಸತ್ತೇ ಹೋಗುತ್ತಾಳೆ ಎಂಬ ಭಯ ನನಗೆ.

ಡಾಕ್ಟರ್ ಮಾತ್ರ ಮಂಚದ ತುದಿಯಲ್ಲಿ ಕುಳಿತರು. "ಚಂದಾಬಾಯಿ, ನಿಮ್ಮ ಗ್ಯಾಂಗಿನವರೆಲ್ಲ ಒಂದೇ ಸೈಟಿನಲ್ಲಿ ಇರುತ್ತಾರಾ?"

"ಹೆಂಗಾಗ್ತದ್ರಿ? ಅರ್ಧ ಮಂದಿ ಇನ್ನೊಂದು ಕಡೆ. ಊರಾಗ ಇನ್ನೂ ಭಾಳ ಮಂದಿ ಅದಾರ. ಕರದ್ರ ಬರ್ತಾರ."

"ಇವರೂ ಹಾಗೇ. ರಕ್ತದಲ್ಲಿ ತಿರುಗುತ್ತಿದ್ದಾರೆ. ಎಲುಬಿನೊಳಗೆ ಹೊಸಬರು ಹುಟ್ಟುತ್ತಲೇ ಇರುತ್ತಾರೆ."

"ಇದನ್ನ ಮೊದಲ ಹೇಳಾಕ ಏನಾಗಿತ್ತರಿ?" ಎಂದು ಚಂದಮ್ಮ ಡಾಕ್ಟರನ್ನೇ ಗದರಿಸಿ, ಕಿಮೋ ಸೂಜಿಗೆ ಕೈ ಚಾಚಿದಳು.

ಕಿಮೋದಲ್ಲಿ ಕೂದಲು ಉದುರಿತು, ಬಾಯಿ ಮಾತ್ರ ಉದುರಲಿಲ್ಲ. ೨೦೦೯ರಲ್ಲಿ ತಪಾಸಣೆ ಮಾಡಿದ ಡಾಕ್ಟರ್, ಇನ್ನು ಬರುವ ಅಗತ್ಯವಿಲ್ಲ ಎಂದರು. ಹೊರಗೆ ಬಂದವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಭಾಗ್ಯಾ, ಐದು ವರ್ಷ ನನಗ ಭಾಳ ಅಂಜಿಕಿ ಇತ್ತ. ಯಾರಿಗೂ ಹೇಳಲಿಲ್ಲ."

ಜೀವಮಾನವಿಡೀ ಅವಳ ಜೊತೆ ಜಗಳವಾಡಿದ ನಾನು ಅವಳನ್ನು ತಬ್ಬಿಕೊಂಡು ಹೋ ಎಂದು ಅತ್ತೆ. ಹೋಗುವವರು ಬರುವವರೆಲ್ಲ ನಿಂತು ನೋಡಿದರು.

"ಸುಮ್ನಿರ," ಎಂದು ಚಂದಮ್ಮ ನನ್ನ ಬೆನ್ನಿಗೆ ಗುದ್ದಿದಳು. "ನಾ ಸತ್ತೀನಿ ಅಂತ ತಿಳ್ಕೊಂಡಾರು!"