ಕಿವಿಯಂಚು ಕುಯ್ದ ಹಂದಿಗಳು

1989ರ ಬೇಸಿಗೆಯಲ್ಲಿ ಚಿಂತಾಮಣಿ ಬಳಿಯ ಹಳ್ಳಿಯೊಂದಕ್ಕೆ ಹಂದಿಜ್ವರದ ಲಸಿಕೆ ಹಾಕಲು ಹೋಗಿದ್ದೆ. ಕೊನೆಗೆ ಐದು ಹಂದಿಗಳಿಗಾಗುವಷ್ಟು ಲಸಿಕೆ ಉಳಿಯಿತು. ಆಗ ಉಳಿದಿದ್ದುದು ಹಂದಿ ಸಾಕುವ ನರಸಮ್ಮನವರ ದೊಡ್ಡಿಯೊಂದೇ. ಅಲ್ಲಿ ಐದು ದೊಡ್ಡ ಹಂದಿಗಳು, ಹಾಲು ಬಿಟ್ಟ ಐದು ಮರಿಗಳಿದ್ದವು. ದೊಡ್ಡವುಗಳ ಕಿವಿಯಂಚನ್ನು ಕುಯ್ಯಲಾಗಿತ್ತು.

“ಹೋದ ವರ್ಷ ಜ್ವರ ಬಂದು ಬದುಕಿದ್ವು, ಗುರುತಿಗೆ ಕುಯ್ದಿದೀನಿ. ಇವಕ್ಕಿನ್ನು ಬರಲ್ಲ ಸ್ವಾಮಿ, ಮರಿಗಳಿಗೆ ಹಾಕಿ,” ಎಂದರು.

ಬೆಳಗಿನಿಂದ ಹಂದಿ ಹಿಡಿದು ಸಾಕಾಗಿತ್ತು. “ದೊಡ್ಡವಕ್ಕೇ ಮೊದಲು ಅಂತ ಆರ್ಡರ್ ಇದೆ. ನೀನೇನು ಡಾಕ್ಟ್ರೇನಮ್ಮ?” ಎಂದು ರೇಗಿದೆ.

“ಜ್ವರಕ್ಕೂ ಆ ಆರ್ಡರ್ ತೋರ್ಸಿ ಹೋಗಪ್ಪ.”

ದೊಡ್ಡವುಗಳಿಗೇ ಹಾಕಿ ಬಂದೆ.

ತಿಂಗಳು ಕಳೆದ ಮೇಲೆ ಮತ್ತೆ ಅಲ್ಲಿಗೆ ಹೋದಾಗ ಆ ಐದೂ ಚೆನ್ನಾಗಿದ್ದವು. ನಾಲ್ಕು ಮರಿಗಳು ಜ್ವರಕ್ಕೆ ಸತ್ತಿದ್ದವು. ಜ್ವರ ಬಂದೂ ಉಳಿದ ಒಂದರ ಕಿವಿಯಂಚನ್ನು ನರಸಮ್ಮ ಕುಯ್ದಿದ್ದರು.