ತೊಗಲು ಹವಳಕ್ಕೊಂದು ಹೆಸರು

ಮಲಾಡಿನ ನಮ್ಮ ಮನೆಯಲ್ಲಿ ಟಿ.ವಿ. ಇರಬೇಕಾದ ಜಾಗದಲ್ಲಿ ಒಂದು ಗಾಜಿನ ತೊಟ್ಟಿಯಿತ್ತು. ಅದರಲ್ಲಿ ಹತ್ತಿರದ ಮಢ್‌ ಕಡಲತೀರದ ದೋಣಿಯವರು ದೂರದ ಕಡಲಿನಿಂದ ತಂದುಕೊಟ್ಟ ಉಪ್ಪುನೀರು, ಎರಡು ಕಿತ್ತಳೆ ಬಣ್ಣದ ಮೀನು, ಮತ್ತು ಕೊಡೆ ಬಿಚ್ಚಿ ನಿಂತ ಒಂದು ಮೆತ್ತನೆಯ ಹವಳ. ಮುಟ್ಟಿದರೆ ಹದಮಾಡಿದ ತೊಗಲಿನ ಹಾಗಿರುವುದರಿಂದ ಈ ಬಳಗಕ್ಕೆಲ್ಲ ತೊಗಲು ಹವಳವೆಂದೇ ಹೆಸರು. ಕುರ್ಲಾದ ಸಾಕುಮೀನಿನ ಅಂಗಡಿಯವನು ಅದನ್ನು “ಮಶ್ರೂಮ್ ಹೈ ಸಾಬ್” ಎಂದು ಕೊಟ್ಟ. ಮನೆಗೆ ಬಂದವರಿಗೆಲ್ಲ ನಾನೂ ಹಾಗೆಯೇ ಪರಿಚಯಿಸಿದೆ.

ಒಂದು ಸೋಮವಾರ ಅದು ಮೈಮೇಲಿನ ಎಳೆಗಳನ್ನೆಲ್ಲ ಒಳಗೆಳೆದುಕೊಂಡು ಮುದುಡಿತು. ಬುಧವಾರದ ಹೊತ್ತಿಗೆ ಮೇಣದಂಥ ಬೂದು ಪೊರೆ ಕವಿದಿತ್ತು. ಆಫೀಸು ಮುಗಿಸಿ ಕುರ್ಲಾಕ್ಕೆ ಓಡಿದರೆ ಅಂಗಡಿಯವನು ತಲೆಯೆತ್ತದೆ, “ಮರ್ ಗಯಾ ಸಾಬ್, ಫೇಂಕ್ ದೋ” ಎಂದ. ಸತ್ತದ್ದು ಕೊಳೆತರೆ ಮೀನುಗಳೂ ಉಳಿಯವು, ಎಸೆದುಬಿಡಿ ಎಂಬುದು ಅವನ ತೀರ್ಪು.

ಗೆಳೆಯರೊಬ್ಬರಿಂದ ತಂದ ಪುಸ್ತಕ ಬೇರೆ ಮಾತು ಹೇಳಿತು. ಇದು ಸಾರ್ಕೋಫೈಟನ್ ಜಾತಿಯದಾದರೆ ಆಗಾಗ ಹೀಗೆ ಮುದುಡಿ ಪೊರೆ ಕಳಚುವುದು ಸಹಜ. ಗುರುತು ಹಿಡಿಯಬೇಕಾದರೆ ಅದು ಅರಳಿರುವಾಗ ಭೂತಗನ್ನಡಿ ಹಿಡಿಯಬೇಕು: ಹೂವಿನಂಥ ಉದ್ದನೆಯ ಎಳೆಗಳ ನಡುವೆ ಸೂಜಿಮೊನೆಯಷ್ಟು ಚುಕ್ಕೆಗಳು ಕಂಡರೆ ಅದೇ. ಎಂಟು ತಿಂಗಳು ಕಣ್ಣೆದುರಿಗೆ ಅರಳಿ ನಿಂತಿದ್ದಾಗ ಆ ಚುಕ್ಕೆಗಳನ್ನು ನಾನು ನೋಡಿಯೇ ಇರಲಿಲ್ಲ.

ಗೆಳೆಯರೆ, ಮೈಸೂರಿನವನಾದ ನಾನು ಈ ಊರಿನ ಆಫೀಸಿನಲ್ಲಿ ಹದಿನೇಳು ವರ್ಷ ‘ಮದ್ರಾಸಿ’ಯಾಗಿದ್ದವನು. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ತಿದ್ದುವುದನ್ನು ಬಿಟ್ಟೆನೇ ಹೊರತು ಒಳಗೊಳಗೇ ಉರಿಯುವುದನ್ನು ಬಿಡಲಿಲ್ಲ. ಅಂಥ ನಾನೇ ಮನೆಯಲ್ಲಿ ಉಸಿರಾಡುವ ಜೀವವೊಂದನ್ನು ಅಣಬೆಯೆಂದು ಕರೆದು ಕೈತೊಳೆದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಇದರ ನಿಜವಾದ ಹೆಸರು ಹಿಡಿದೇ ತೀರುವೆನೆಂದು ಹಟ ತೊಟ್ಟೆ. ಆದರೆ ಮೀನುಗಳ ಜೀವವೂ ಇತ್ತಾದ್ದರಿಂದ ಭಾನುವಾರದವರೆಗೆ ಮಾತ್ರ ಗಡುವು. ಅಷ್ಟರೊಳಗೆ ಗುರುತು ಸಿಗದಿದ್ದರೆ ಕಿತ್ತೆಸೆಯುವುದು.

ದಿನಾ ಬೆಳಿಗ್ಗೆ ಲೋಕಲ್ ರೈಲು ಹಿಡಿಯುವ ಮುಂಚೆ ಗಾಜಿಗೆ ಮೂಗು ಒತ್ತಿ ಕೂರುತ್ತಿದ್ದೆ. ಹೆಂಡತಿ ಶಾರದೆ ನೀರಿಗೊಂದು ಬೆರಳದ್ದಿ, ಮೂಸಿ, ಸುಮ್ಮನೆ ಅಡಿಗೆಮನೆಗೆ ಹೋಗುತ್ತಿದ್ದಳು. ಭಾನುವಾರವೂ ಹವಳ ಅರಳಲಿಲ್ಲ. ಸಂಕಟಪಡುತ್ತಲೇ ಅಂಗಿಯ ತೋಳು ಮಡಿಚಿ ನೀರಿಗೆ ಕೈಹಾಕಿದೆ. ಶಾರದೆ ಬಂದು ಮಣಿಕಟ್ಟು ಹಿಡಿದಳು.

“ಬೇಡ ರೀ. ಹುಳಿ ಹಳಸಿದ್ರೆ ನಂಗೆ ಗೊತ್ತಾಗಲ್ವಾ? ಹಾಗೇ ಇದೂನೂ. ದಿನಾ ಮೂಸ್ತಿದೀನಿ, ಒಂಚೂರೂ ಕೊಳೆತಿಲ್ಲ.”

ಪುಸ್ತಕದಲ್ಲಿಲ್ಲದ ಆ ಪರೀಕ್ಷೆಗೆ ತಲೆಬಾಗಿ ಕೈ ತೆಗೆದೆ. ಮುಂದಿನ ಬುಧವಾರ ಬೆಳಿಗ್ಗೆ ಪೊರೆ ಹರಿದು ನೀರಿನಲ್ಲಿ ತೇಲಿತು. ಸಂಜೆಗೆ ಎಳೆಗಳೆಲ್ಲ ಹೊರಬಂದು ತೂಗಾಡುತ್ತಿದ್ದವು, ನಡುವೆ ಪುಸ್ತಕ ಹೇಳಿದ ಚುಕ್ಕೆಗಳೂ ಸಾಲುಗಟ್ಟಿದ್ದವು. ಸಂತೋಷಕ್ಕೆ ನನ್ನ ಕಣ್ಣು ಮಂಜಾಯಿತು. ಶಾರದೆಯನ್ನು ಕರೆದು ಹೆಸರು ಹೇಳಿದೆ, ಭೂತಗನ್ನಡಿ ಕೊಟ್ಟೆ. ಅವಳು ಬಹಳ ಹೊತ್ತು ನೋಡಿದಳು.

“ಚೆನ್ನಾಗಿದೆ. ಅಲ್ಲ, ಭಾನುವಾರಾನೂ ಬದುಕೇ ಇತ್ತಲ್ಲ ಇದು, ಅವತ್ತು ಇದರ ಹೆಸರೇನಿತ್ತು?”

ವಾಪಸು ಪಡೆಯಲು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಭೂತಗನ್ನಡಿಯನ್ನು ಅವಳ ಕೈಯಲ್ಲೇ ಬಿಟ್ಟೆ.